ಎಂಟು ಲೈಟೂ ಹತ್ತಿದವು, ನೆಟ್‌ವರ್ಕ್ ಮಾತ್ರ ಓಡಲಿಲ್ಲ: ಕಾಲೇಜೊಂದರ ಕೇಬಲ್ ಕೆಲಸದ ಅನುಭವ

ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ ಸಾಗರ ತಾಲ್ಲೂಕಿನ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯಕ್ಕೆ ನನ್ನನ್ನು ಕರೆಸಿದಾಗ, ಅಲ್ಲಿನ ಸಹಾಯಕರು ಮೊದಲು ತೋರಿಸಿದ್ದು ಕೈಯಲ್ಲಿದ್ದ ಪುಟ್ಟ ಕೇಬಲ್ ಟೆಸ್ಟರನ್ನು. “ನೋಡಿ ಸರ್, ಒಂದರಿಂದ ಎಂಟರವರೆಗೆ ಎಲ್ಲ ಲೈಟೂ ಸಾಲಾಗಿ ಹತ್ತುತ್ತವೆ. ಕೇಬಲ್ ಸರಿಯಾಗಿಯೇ ಇದೆ. ಆದರೂ ಹಿಂದಿನ ಎರಡು ಸಾಲಿನ ಮಷೀನುಗಳಲ್ಲಿ ಒಂದು ಫೈಲ್ ಕಾಪಿಯಾಗುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಬರಬಹುದು” ಎಂದರು. ಅಷ್ಟು ಹೊತ್ತಿಗೆ ಮಷೀನುಗಳ ಕೇಬಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯನ್ನು ಎರಡು ಬಾರಿ ಬದಲಾಯಿಸಿದ್ದರು, ವಿಂಡೋಸನ್ನು ಹೊಸದಾಗಿ ಹಾಕಿದ್ದರು, ಆಂಟಿವೈರಸ್ಸನ್ನೂ ಬೈದಾಗಿತ್ತು.

ನಾನು ಒಂದು ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು, ಎಂಟು ಪಿನ್ನುಗಳ ಪಾರದರ್ಶಕವಾದ ಆರ್‌ಜೆ45 ಪ್ಲಗ್ಗಿನೊಳಗೆ ಬಣ್ಣಗಳ ಸಾಲನ್ನು ಓದಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಜೋಡಿಯ ಪಕ್ಕ ಜೋಡಿಯನ್ನು ನೀಟಾಗಿ ಕೂರಿಸಿದ್ದರು. ಎರಡೂ ತುದಿಯಲ್ಲಿ ಅದೇ ಕ್ರಮವಿತ್ತು. ನೋಡಲು ಶಿಸ್ತಾಗಿ ಕಾಣುವ ಈ ಕ್ರಮವೇ ರೋಗದ ಮೂಲವಾಗಿತ್ತು.

ಈ ಕೇಬಲಿನಲ್ಲಿರುವ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ, ದೀಪದ ಬತ್ತಿಯಂತೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಒಂದು ಜೋಡಿಯ ಎರಡು ಎಳೆಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಸಂಕೇತ ಹರಿಯುವುದರಿಂದಲೂ, ಹೊರಗಿನ ಗದ್ದಲ ಎರಡೂ ಎಳೆಗಳಿಗೆ ಹೆಚ್ಚುಕಡಿಮೆ ಸಮನಾಗಿ ತಾಗುವುದರಿಂದಲೂ, ಆಚೆ ತುದಿಯಲ್ಲಿ ಎರಡರ ವ್ಯತ್ಯಾಸವನ್ನು ಮಾತ್ರ ಓದಿದಾಗ ಗದ್ದಲ ತಾನಾಗಿ ಕಳೆದುಹೋಗುತ್ತದೆ. ಈ ಕೇಬಲಿನಲ್ಲಿ ದತ್ತಾಂಶ ಸಾಗಿಸುವ ಈಥರ್ನೆಟ್ ಪದ್ಧತಿ ತನ್ನ ಜೋಡಿಗಳನ್ನು 1-2, 3-6, 4-5, 7-8 ಪಿನ್ನುಗಳಲ್ಲಿ ಹುಡುಕುತ್ತದೆ. 3ನೆಯ ಪಿನ್ನಿಗೆ ಜೊತೆಗಾರ 4 ಅಲ್ಲ, 6. ಇಲ್ಲಿ 3ಕ್ಕೆ ಹಸಿರು ಜೋಡಿಯ ಎಳೆ, 6ಕ್ಕೆ ನೀಲಿ ಜೋಡಿಯ ಎಳೆ ಬಂದಿತ್ತು. ಒಂದರ ಜೊತೆ ಒಂದು ಹೊಸೆದಿರದ ಎಳೆಗಳು ಜೋಡಿಯ ಕೆಲಸ ಮಾಡಬೇಕಾಗಿ ಬಂದು, ಪಕ್ಕದ ಜೋಡಿಯ ಮಾತು ಇದರೊಳಗೆ ಬೆರೆಯುತ್ತಿತ್ತು. ನಮ್ಮ ಕಸುಬಿನಲ್ಲಿ ಇದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತೇವೆ. ಮುಂದಿನ ಸಾಲಿನ ಐದಾರು ಮೀಟರ್ ತಂತಿಯಲ್ಲಿ ಇದು ಅಷ್ಟಾಗಿ ಬಾಧಿಸಿರಲಿಲ್ಲ. ಹಿಂದಿನ ಸಾಲಿನ ನಲವತ್ತು ಮೀಟರಿನಲ್ಲಿ ಎದ್ದು ಕಾಣುತ್ತಿತ್ತು. ಲೈಟಿನ ಟೆಸ್ಟರ್ ಮಾತ್ರ ಈ ತುದಿಯ 3 ಆ ತುದಿಯ 3ಕ್ಕೆ ಮುಟ್ಟಿದೆಯೇ ಎಂದಷ್ಟೇ ನೋಡುತ್ತದೆ, ಯಾವ ಎಳೆ ಯಾವುದರ ಜೊತೆ ಹೊಸೆದಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಸರಿಯಾದ ಕ್ರಮ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು 568ಬಿ ಎಂಬ ಮಾನಕ ಕ್ರಮ. ಇದರಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಅದಲುಬದಲು ಮಾಡಿದರೆ 568ಎ ಆಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಇಡೀ ಕಟ್ಟಡಕ್ಕೆ ಒಂದೇ ಇರಬೇಕು. ಒಂದು ತುದಿಗೆ ಎ, ಇನ್ನೊಂದಕ್ಕೆ ಬಿ ಹಾಕುವ ಕ್ರಾಸ್ ಕೇಬಲಿನ ಕಾಲ ಮುಗಿದಿದೆ. ಈಗಿನ ಗಿಗಾಬಿಟ್ ಪೋರ್ಟುಗಳು ಆ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ.

ಸಹಾಯಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಹತ್ತು ತುದಿಗಳನ್ನು ನಾನೇ ಕ್ರಿಂಪ್ ಮಾಡಿದೆ, ಅಂದರೆ ಪ್ಲಗ್ಗನ್ನು ಇಕ್ಕಳದಿಂದ ಒತ್ತಿ ಕೂರಿಸಿದೆ. ಹೊರಗಿನ ಸಿಪ್ಪೆಯನ್ನು ಒಂದು ಅಂಗುಲದಷ್ಟು ಸುಲಿದು, ಎಳೆಗಳನ್ನು ಬಿಡಿಸಿ ಹೆಬ್ಬೆರಳಿನಿಂದ ತೀಡಿ ನೇರ ಮಾಡಿ, ಕ್ರಮದಲ್ಲಿ ಒತ್ತಿ ಹಿಡಿದು, ಅರ್ಧ ಅಂಗುಲ ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಬೇಕು. ಹೊಸೆದದ್ದನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದೆಂಬ ನಿಯಮಕ್ಕೆ ಕಾರಣ ಮೇಲೆ ಹೇಳಿದ್ದೇ. ಪ್ಲಗ್ಗಿನ ಚಿನ್ನದ ಬಣ್ಣದ ಹಲ್ಲುಗಳ ಕೆಳಗೆ ಎಂಟೂ ತಾಮ್ರದ ತುದಿಗಳು ಮುಂಗೋಡೆಗೆ ತಾಗಿರುವುದು ಕಾಣಬೇಕು. ಹಿಂದಿನ ಪ್ಲಾಸ್ಟಿಕ್ ಒತ್ತುಗಟ್ಟೆ ಸಿಪ್ಪೆಯನ್ನೇ ಕಚ್ಚಿರಬೇಕು, ಎಳೆಗಳನ್ನಲ್ಲ. ಹಳೆಯ ತುದಿಗಳಲ್ಲಿ ಹೆಚ್ಚಿನವುಗಳ ಎಳೆಗಳು ಪ್ಲಗ್ಗಿನ ಹೊರಗೇ ಕಾಣುತ್ತಿದ್ದವು. ಗೋಡೆಯೊಳಗಿನ ಕೇಬಲಿನದು ಒಂದೇ ಗಟ್ಟಿ ತಂತಿಯ ಎಳೆಯಾದ್ದರಿಂದ ಪದೇ ಪದೇ ಬಾಗಿಸಿದರೆ ಮುರಿಯುತ್ತದೆ. ಆದ್ದರಿಂದ ಅದಕ್ಕೆ ಪ್ಲಗ್ ಹಾಕಿ ನೇತುಬಿಡುವ ಪದ್ಧತಿಯನ್ನು ನಾನು ಬಿಟ್ಟು ವರ್ಷಗಳಾದವು: ಒಂದು ತುದಿಯನ್ನು ಗೋಡೆಯ ಸಾಕೆಟ್ಟಾದ ಐಒ ಬಾಕ್ಸಿನಲ್ಲಿ, ಇನ್ನೊಂದನ್ನು ಸ್ವಿಚ್ಚಿನ ಬಳಿ ಸಾಕೆಟ್ಟುಗಳನ್ನು ಸಾಲಾಗಿ ಜೋಡಿಸಿರುವ ಪ್ಯಾಚ್ ಪ್ಯಾನಲಿನಲ್ಲಿ, ಎಳೆಗಳನ್ನು ಒತ್ತಿ ಕೂರಿಸುವ ಪಂಚಿಂಗ್ ಟೂಲಿನಿಂದ ಕೂರಿಸಿ, ಮೇಜಿಗೂ ಸ್ವಿಚ್ಚಿಗೂ ನವಿರಾದ ಎಳೆಗಳ, ಸುಲಭವಾಗಿ ಬಾಗುವ ಚಿಕ್ಕ ಕೇಬಲ್, ಅಂದರೆ ಪ್ಯಾಚ್ ಕಾರ್ಡ್ ಕೊಡುತ್ತೇನೆ. ಗೋಡೆಯಲ್ಲಿ 90 ಮೀಟರ್, ಕಾರ್ಡುಗಳಿಗೆ ಹತ್ತು, ಒಟ್ಟು 100 ಮೀಟರ್ ಎಂಬ ಮಿತಿಯೂ ಈ ಜೋಡಣೆಗೇ ಹೇಳಿದ್ದು.

ತುದಿಗಳನ್ನು ಸರಿಪಡಿಸಿದ ಮೇಲೂ ಗೇಟಿನ ಕ್ಯಾಮೆರಾದ ದೂರು ಉಳಿಯಿತು. ಹಗಲೆಲ್ಲ ಚೆನ್ನಾಗಿದ್ದ ಅದು ಕತ್ತಲಾದೊಡನೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಲ್ಲುತ್ತಿತ್ತು. ಸುಮಾರು 80 ಮೀಟರ್ ಕೇಬಲಿನಲ್ಲಿ ಪಿಒಇ (ದತ್ತಾಂಶದ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ವಿಧಾನ) ಮೂಲಕವೇ ಅದಕ್ಕೆ ವಿದ್ಯುತ್ ಹೋಗುತ್ತಿತ್ತು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪವಿದ್ದ ಅಲ್ಯೂಮಿನಿಯಂ. ಕೇಬಲಿನ ಪೆಟ್ಟಿಗೆಯ ಮೇಲೆ ಕ್ಯಾಟ್6 ಎಂಬ ದರ್ಜೆಯನ್ನು ದೊಡ್ಡದಾಗಿ ಮುದ್ರಿಸಿದ್ದರೂ, ಶುದ್ಧ ತಾಮ್ರವಲ್ಲದ ತಂತಿಗೆ ಆ ಹೆಸರು ಸಲ್ಲುವುದಿಲ್ಲ. ವೇಗದ ಸಂಕೇತಗಳು ಎಳೆಯ ಮೇಲ್ಮೈಯಲ್ಲೇ ಹರಿಯುವುದರಿಂದ ದತ್ತಾಂಶಕ್ಕೆ ಲೇಪ ಹೇಗೋ ಸಾಲುತ್ತದೆ, ಆದರೆ ಕ್ಯಾಮೆರಾವನ್ನು ನಡೆಸುವ ನೇರ ವಿದ್ಯುತ್ತು ಇಡೀ ಎಳೆಯಲ್ಲಿ ಹರಿಯಬೇಕು. ಅಲ್ಯೂಮಿನಿಯಮ್ಮಿನ ರೋಧವೋ ತಾಮ್ರದ ಸುಮಾರು 1.6 ಪಟ್ಟು. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹತ್ತಿ ಬೇಡಿಕೆ ಏರಿದೊಡನೆ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಅಂದಿನಿಂದ 305 ಮೀಟರಿನ ಪೆಟ್ಟಿಗೆ ಕೊಳ್ಳುವಾಗ ನಾನು ಮೊದಲು ಅದನ್ನು ಎತ್ತಿ ನೋಡುತ್ತೇನೆ. ಹಗುರವೆನಿಸಿದರೆ ಅಂಗಡಿಯಲ್ಲೇ ಬ್ಲೇಡ್ ತೆಗೆಯುತ್ತೇನೆ, ಮಾಲೀಕರು ಮುಖ ಸಿಂಡರಿಸಿದರೂ ಸರಿ. ಗೇಟಿಗೆ ತಾಮ್ರದ ಕ್ಯಾಟ್6 ಎಳೆದೆ. ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್6ಎ ಬೇಕೆಂದು ಪ್ರಾಂಶುಪಾಲರು ಕೇಳಿದ್ದರು. 10 ಗಿಗಾಬಿಟ್ಟನ್ನು ಪೂರ್ತಿ 100 ಮೀಟರ್ ಒಯ್ಯುವುದು ಅದೇ ಎಂಬುದು ನಿಜ, ಸಾದಾ ಕ್ಯಾಟ್6 ಹೆಚ್ಚೆಂದರೆ 55 ಮೀಟರ್. ಆದರೆ ಅಲ್ಲಿನ ಮಷೀನುಗಳೆಲ್ಲ ಒಂದು ಗಿಗಾಬಿಟ್ಟಿನವು, ದಪ್ಪ ಕೇಬಲ್ ಅವರ ಹಳೆಯ ಪೈಪಿನಲ್ಲಿ ಹಿಡಿಸುವಂತೆಯೂ ಇರಲಿಲ್ಲ.

ಕೊನೆಗೆ ಉಳಿದದ್ದು ಗ್ರಂಥಾಲಯ. ಪ್ರಯೋಗಾಲಯದಿಂದ 140 ಮೀಟರ್ ದೂರದ ಆ ಕಟ್ಟಡಕ್ಕೆ ತಾಮ್ರದ ಕೇಬಲನ್ನೇ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿ ಒಯ್ದಿದ್ದರು. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಪ್ರತಿ ವರ್ಷವೂ ಎರಡೂ ಕಡೆಯ ಸ್ವಿಚ್ಚಿನ ಪೋರ್ಟ್ ಸುಡುತ್ತಿತ್ತು. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇರುವಾಗ ನಡುವೆ ತಾಮ್ರ ಎಳೆದರೆ, ಸಿಡಿಲಿಗೆ ಸೇತುವೆ ಕಟ್ಟಿಕೊಟ್ಟಂತೆ. ಅಲ್ಲಿ ಗಾಜಿನೆಳೆಯಲ್ಲಿ ಬೆಳಕಿನ ಮೂಲಕ ದತ್ತಾಂಶ ಒಯ್ಯುವ, ನಾಲ್ಕು ಎಳೆಗಳ ಸಿಂಗಲ್ ಮೋಡ್ ಫೈಬರ್ ಹಾಕಿಸಿದೆ. ಉಕ್ಕಿನ ಕವಚದ್ದು ಗಟ್ಟಿ ಎಂದು ವ್ಯಾಪಾರಿ ಒತ್ತಾಯಿಸಿದರೂ, ಲೋಹವೇ ಇಲ್ಲದ ಕೇಬಲನ್ನು ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪಿನಲ್ಲಿ ಹೂಳಿಸಿದೆ. ಹೆಗ್ಗಣಕ್ಕೆ ಪೈಪ್ ಸಾಕು, ಸಿಡಿಲಿಗೆ ಲೋಹ ಇಲ್ಲದಿರುವುದೇ ಮೇಲು.

125 ಮೈಕ್ರಾನ್ ದಪ್ಪದ ಗಾಜಿನೆಳೆಯ ನಡುವೆ ಬೆಳಕು ಹರಿಯುವ ತಿರುಳು ಬರೀ 9 ಮೈಕ್ರಾನ್. ಬಾಡಿಗೆಗೆ ತಂದ ಸ್ಪ್ಲೈಸಿಂಗ್ ಯಂತ್ರದ ಪರದೆಯಲ್ಲಿ ಎರಡು ತುದಿಗಳು ತಾವಾಗಿಯೇ ಎದುರುಬದುರಾಗಿ ಬಂದು ಕರಗಿ ಒಂದಾಗುವುದನ್ನು ನೋಡಲು ಪಾಠ ಬಿಟ್ಟು ಹುಡುಗರೆಲ್ಲ ಬಂದು ನಿಂತಿದ್ದರು. ಪ್ಯಾನಲಿಗೆ ಚೌಕಾಕಾರದ ನೀಲಿ ಎಸ್‌ಸಿ ಕನೆಕ್ಟರ್, ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸಲು ಸ್ವಿಚ್ಚಿಗೆ ಸಿಕ್ಕಿಸುವ ಎಸ್‌ಎಫ್‌ಪಿಗೆ ಚಿಕ್ಕ ಎಲ್‌ಸಿ ಕನೆಕ್ಟರ್. ಇಂಟರ್ನೆಟ್ ಕೊಡುವವರು ತರುವ ಹಸಿರು ಎಸ್‌ಸಿಯನ್ನು ಈ ನೀಲಿಗೆ ಸೇರಿಸಬೇಡಿ ಎಂದು ಸಹಾಯಕರಿಗೆ ಮೊದಲೇ ಹೇಳಿದೆ. ಹಸಿರಿನ ಮುಖವನ್ನು 8 ಡಿಗ್ರಿ ಓರೆಯಾಗಿ ತೇದಿರುತ್ತಾರೆ. ಎರಡೂ ಒಂದಕ್ಕೊಂದು ಹೊಂದುವಂತೆಯೇ ಕಂಡರೂ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ.

ಇಷ್ಟೆಲ್ಲ ಹೇಳಿದ ನಾನೇ ಲಿಂಕ್ ಬಾರದೆ ಅರ್ಧ ಗಂಟೆ ಒದ್ದಾಡಿದೆ. ಈ ತುದಿಯ ಕಳಿಸುವ ಎಳೆ ಆ ತುದಿಯಲ್ಲೂ ಕಳಿಸುವ ಕಡೆಗೇ ಸೇರಿತ್ತು. ಒಂದು ತುದಿಯ ಎಲ್‌ಸಿ ಜೋಡಿಯನ್ನು ಕ್ಲಿಪ್ಪಿನಿಂದ ಬಿಡಿಸಿ ಅದಲುಬದಲು ಮಾಡಿದಾಗ ಹಸಿರು ದೀಪ ಹತ್ತಿತು.

ಮೇ ಮೂರನೆಯ ವಾರ ಸಹಾಯಕರ ಫೋನ್ ಬಂತು. ಹಿಂದಿನ ರಾತ್ರಿ ಹತ್ತಿರದಲ್ಲೇ ಸಿಡಿಲು ಬಿದ್ದಿತ್ತು. “ಸ್ವಿಚ್ ಎರಡೂ ಇವೆ ಸರ್, ಯುಪಿಎಸ್ ಹೋಯಿತು” ಎಂದರು. ಅದು ಕರೆಂಟಿನ ತಂತಿಯಲ್ಲಿ ಬಂದದ್ದು. ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆಸಿ ಎಂದೆ.