ಎಲೆ ಉದುರುವ ಕಾಲದ ಮನೆಪಾಠ

ಸೆಪ್ಟೆಂಬರ್ 22, 23ರ ಹೊತ್ತಿಗೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಆಗುತ್ತವೆ. ಆಮೇಲೆ ಹಗಲು ಕುಗ್ಗುತ್ತಾ ಹೋಗುತ್ತದೆ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವ ತಾಯಂದಿರು ಮೊದಲು ಗಮನಿಸಬೇಕಾದ್ದು ಇದನ್ನೇ. ಬೇಸಿಗೆಯ ಟೈಮ್‌ಟೇಬಲ್ ಈಗ ನಡೆಯೋದಿಲ್ಲ.

ನಾನು ಮೊದಲ ವರ್ಷ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದೆ. ಅರ್ಧ ಗಂಟೆಗೊಮ್ಮೆ ಗಂಟೆ ಬೇರೆ ಬಾರಿಸುತ್ತಿದ್ದೆ! ಶಾಲೆ ಬೇಡ ಅಂದುಕೊಂಡು ಮನೆಯನ್ನೇ ಶಾಲೆ ಮಾಡಿಟ್ಟಿದ್ದೆ. ಅಕ್ಟೋಬರ್ ಬರುವಷ್ಟರಲ್ಲಿ ಚಿಕ್ಕವನಿಗೆ ನೆಗಡಿ, ಜ್ವರ. ದೊಡ್ಡವಳಿಗೆ ಭಾಗಾಕಾರ ಅಂದರೆ ಅಳು. ಮೂಲೆಯಲ್ಲಿ ಒಗೆಯದ ಬಟ್ಟೆಯ ರಾಶಿ. ಒಂದು ದಿನ ಆ ಕಾಗದ ಕಿತ್ತು ಹರಿದು ಹಾಕಿದೆ.

ಲೆಕ್ಕ, ಬರವಣಿಗೆ ಬೆಳಗ್ಗೆಯೇ ಮುಗಿಸಿ, ಕಿಟಕಿ ಪಕ್ಕ ಕೂರಿಸಿ. ಚಿಕ್ಕವರಿಗೆ ಒಂದು ಸಲಕ್ಕೆ 20 ನಿಮಿಷ ಸಾಕು. ಕತ್ತಲಾದ ಮೇಲೆ ಓದಿ ಹೇಳುವುದು. ನೀವು ಬಟ್ಟೆ ಮಡಚುತ್ತಿರಿ, ದೊಡ್ಡ ಮಗು ಓದಲಿ.

ಬೈಬಲ್ ಓದಿಗೆ ಅಕ್ಟೋಬರ್ ಹೇಳಿ ಮಾಡಿಸಿದಂಥ ತಿಂಗಳು. ಬೈಬಲ್ಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದಲ್ಲಿ 31 ಅಧ್ಯಾಯ, ತಿಂಗಳಲ್ಲೂ 31 ದಿನ, ದಿನಕ್ಕೊಂದು ಅಧ್ಯಾಯ. ಚಿಕ್ಕವರಿಗೆ ಇಡೀ ಅಧ್ಯಾಯ ಬೇಡ. ಇಷ್ಟವಾದ ಒಂದು ವಚನ ನೋಟ್‌ಬುಕ್ಕಿಗೆ ಇಳಿಸಲಿ, ಅಕ್ಷರವೂ ತಿದ್ದಿದ ಹಾಗಾಗುತ್ತದೆ. ಕೊನೆಯ ದಿನ ಗುಣವತಿಯಾದ ಹೆಂಡತಿಯ ಅಧ್ಯಾಯ ಬರುತ್ತದೆ. ರಾತ್ರಿಯೂ ಅವಳ ದೀಪ ಆರುವುದಿಲ್ಲ ಅಂತ ಓದಿ ನೀವು ನಿದ್ದೆಗೆಡಬೇಡಿ ಮತ್ತೆ. ಅವಳ ಮನೆಯಲ್ಲಿ ಕೆಲಸದವರಿದ್ದರು, 15ನೇ ವಚನ ನೋಡಿ!

ವಿಜ್ಞಾನಕ್ಕೆ ಪುಸ್ತಕ ಹುಡುಕಬೇಕಾಗಿಲ್ಲ, ಅಂಗಳಕ್ಕೆ ಇಳಿದರೆ ಸಾಕು. ಎಲೆಯ ಹಸಿರಿಗೆ ಕಾರಣ ಕ್ಲೋರೋಫಿಲ್. ಚಳಿ ಶುರುವಾಗಿ ಬಿಸಿಲು ಕಡಿಮೆಯಾದಾಗ ಮರ ಅದನ್ನು ಮಾಡುವುದನ್ನು ನಿಲ್ಲಿಸುತ್ತದೆ. ಹಸಿರು ಹೋದಾಗ ಒಳಗೇ ಅಡಗಿದ್ದ ಹಳದಿ ಕಾಣಿಸುತ್ತದೆ. ಕೆಂಪು ಮಾತ್ರ ಹಾಗಲ್ಲ, ಬಹಳಷ್ಟು ಮರಗಳು ಅದನ್ನು ಆಗಲೇ ಹೊಸದಾಗಿ ತಯಾರಿಸುತ್ತವೆ. ಮಕ್ಕಳ ಕೈಗೆ ಅರ್ಧ ಹಸಿರು, ಅರ್ಧ ಹಳದಿ ಇರುವ ಎಲೆಯನ್ನೇ ಕೊಡಿ. ನರಗಳ ಪಕ್ಕದಲ್ಲಿ ಹಸಿರು ಇನ್ನೂ ಉಳಿದಿರುವುದು ಅವರಿಗೇ ಕಾಣುತ್ತದೆ. ಆಮೇಲೆ ಹಳೆ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ. ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಬೈಬಲ್ ಒಳಗೆ ಮಾತ್ರ ಇಡಬೇಡಿ. ನಮ್ಮ ಚಿಕ್ಕವನು ಯಾರಿಗೂ ಹೇಳದೆ ಒದ್ದೆ ಎಲೆಯೊಂದನ್ನು ಬೈಬಲ್ಲಿನಲ್ಲಿ ರೂತಳೆಂಬ ಹೆಣ್ಣಿನ ಕಥೆ ಇರುವ ಪುಸ್ತಕದೊಳಗೆ ಸೇರಿಸಿದ್ದ. ಅವಳು ಹೊಲದಲ್ಲಿ ತೆನೆ ಆಯುವ ಪುಟದ ಮೇಲೆ ಎಲೆಯಾಕಾರದ ಕಂದು ಕಲೆ ಈಗಲೂ ಇದೆ. ಆವತ್ತು ಚೆನ್ನಾಗಿ ಬೈದಿದ್ದೆ. ಈಗ ಮೊಮ್ಮಕ್ಕಳು ಮೊದಲು ತೆಗೆದು ನೋಡುವುದು ಅದೇ ಪುಟ.