ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಲೆಜೆಂಡರಿ ಆಯುಧವನ್ನು ಪಡೆಯಲು ಹೊರಡುವವರಿಗೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ 2004ರ ನವೆಂಬರ್ 23ರಂದು ಬಿಡುಗಡೆಯಾದಾಗಿನಿಂದ ಅದರ ಸಾಮಗ್ರಿಗಳ ದರ್ಜೆಯನ್ನು ಹೆಸರಿನ ಬಣ್ಣವೇ ಹೇಳುತ್ತದೆ. ಬೂದು ಮತ್ತು ಬಿಳಿ ಸಾಧಾರಣವಾದವು, ಹಸಿರು ಮತ್ತು ನೀಲಿ ಅವುಗಳಿಗಿಂತ ಮೇಲು, ನೇರಳೆ ಎಂದರೆ ಎಪಿಕ್, ಕಿತ್ತಳೆ ಎಂದರೆ ಲೆಜೆಂಡರಿ. ಬಣ್ಣ ಇಂದಿಗೂ ಅದೇ ಇದೆ, ಆದರೆ ಆ ಬಣ್ಣದ ವಸ್ತು ಆಟಗಾರನ ಕೈಸೇರುವ ದಾರಿ ಹೆಚ್ಚು ಕಡಿಮೆ ಪ್ರತಿ ಎಕ್ಸ್‌ಪ್ಯಾನ್ಷನ್‌ನಲ್ಲೂ (ಆಟಕ್ಕೆ ಸೇರಿಸುವ ದೊಡ್ಡ ವಿಸ್ತರಣೆ) ಬದಲಾಗಿದೆ. ಆದ್ದರಿಂದ ಯಾವ ಲೆಜೆಂಡರಿಯ ಬೆನ್ನು ಹತ್ತುವ ಮುನ್ನವೂ ಅದು ಯಾವ ಕಾಲದ್ದು, ಅದನ್ನು ಕೊಡುವುದು ಅದೃಷ್ಟವೋ, ಗುಂಪೋ, ಕಾಲವೋ ಅಥವಾ ಸಾಮಗ್ರಿಯೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಹೊರಟವರು ತಿಂಗಳುಗಟ್ಟಲೆ ಶ್ರಮವನ್ನು ತಪ್ಪು ಜಾಗದಲ್ಲಿ ಸುರಿಯುವ ಸಂಭವವಿದೆ.

ಮೊದಲನೆಯದಾಗಿ, ಎಲ್ಲಿ ಆಡುತ್ತೀರಿ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಆರಂಭವಾದ, ಆಟದ ಹಳೆಯ ರೂಪವನ್ನು ಉಳಿಸಿಕೊಂಡ ಕ್ಲಾಸಿಕ್ ಸರ್ವರ್‌ಗಳಲ್ಲಿ ಮೋಲ್ಟನ್ ಕೋರ್ ಎಂಬ ರೈಡ್ (ಬಾಸ್ ಎಂಬ ಪ್ರಬಲ ಶತ್ರುಗಳನ್ನು ಗುಂಪಾಗಿ ಎದುರಿಸುವ ತಾಣ) ಇಂದಿಗೂ 40 ಜನರ ಕೆಲಸ, ಅಲ್ಲಿ ದೊರೆಯುವ ಥಂಡರ್‌ಫ್ಯೂರಿ ಕತ್ತಿ ಶತ್ರುವಿನ ಗಮನವನ್ನು ತನ್ನತ್ತ ಹಿಡಿದಿಡಬೇಕಾದ ಟ್ಯಾಂಕ್ ಆಟಗಾರನ ನಿಜವಾದ ಬಲ. ರಿಟೇಲ್ ಎಂದು ಕರೆಯಲಾಗುವ ಈಗಿನ ಆವೃತ್ತಿಯಲ್ಲಾದರೋ ಗರಿಷ್ಠ ಲೆವೆಲ್ ತಲುಪಿದ ಪಾತ್ರ ಅದೇ ಮೋಲ್ಟನ್ ಕೋರ್ ಅನ್ನು ಒಂಟಿಯಾಗಿ ಮುಗಿಸುತ್ತದೆ. ಅಲ್ಲಿ ಆ ಕತ್ತಿ ಸಂಗ್ರಹಕ್ಕೆ ಸೇರುವ ವಸ್ತು, ಅದರಿಂದ ಯಾವ ಹೊಸ ಬಾಸ್ ಕೂಡ ಸೋಲುವುದಿಲ್ಲ. ಎರಡೂ ಗುರಿಗಳು ಯೋಗ್ಯವಾದವೇ, ಆದರೆ ಎರಡಕ್ಕೂ ಬೇಕಾದ ತಯಾರಿ ಬೇರೆ ಬೇರೆ.

ಥಂಡರ್‌ಫ್ಯೂರಿಯನ್ನೇ ವಿವರವಾಗಿ ನೋಡೋಣ, ಏಕೆಂದರೆ ಹಳೆಯ ಕ್ರಮದ ಎಲ್ಲ ಗುಣದೋಷಗಳೂ ಅದರಲ್ಲಿವೆ. ಕತ್ತಿಗೆ ಬಂಧನ ಎಂಬ ಎರಡು ವಸ್ತುಗಳು ಬೇಕು. ಒಂದು ಮೋಲ್ಟನ್ ಕೋರ್‌ನ ಗಾರ್ ಎಂಬ ಬಾಸ್‌ನಿಂದ, ಇನ್ನೊಂದು ಬ್ಯಾರನ್ ಗೆಡ್ಡನ್‌ನಿಂದ ಬೀಳಬೇಕು. ಆಟಗಾರರು ಕಲೆಹಾಕಿದ ದಾಖಲೆಗಳ ಪ್ರಕಾರ ಪ್ರತಿ ಬಂಧನ ಬೀಳುವ ಸಾಧ್ಯತೆ ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ. ನಾಲ್ಕು ಎಂದೇ ಹಿಡಿದು ಲೆಕ್ಕ ಹಾಕಿದರೂ, 17 ವಾರ ತಪ್ಪದೆ ಹೋದ ಮೇಲೆ ಒಂದು ಬಂಧನ ಸಿಕ್ಕಿರುವ ಸಾಧ್ಯತೆ ಅರ್ಧದಷ್ಟಾಗುತ್ತದೆ. ಒಂದು ವರ್ಷ ಪೂರ್ತಿ ಹೋದರೆ ಎರಡೂ ಸಿಕ್ಕಿರುವ ಸಾಧ್ಯತೆ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಹಿಂದಿನ ವಾರಗಳ ನಿರಾಶೆ ಮುಂದಿನ ವಾರದ ಸಾಧ್ಯತೆಯನ್ನು ಕಿಂಚಿತ್ತೂ ಹೆಚ್ಚಿಸುವುದಿಲ್ಲ ಎಂಬುದನ್ನು ಮನಸ್ಸಿಗೆ ತಂದುಕೊಂಡೇ ಈ ಕೆಲಸಕ್ಕೆ ಇಳಿಯಬೇಕು.

ರಿಟೇಲ್‌ನಲ್ಲಿ ಪ್ರತಿ ಪಾತ್ರಕ್ಕೂ ವಾರಕ್ಕೊಂದು ಅವಕಾಶವಿದೆ. ವಾರದ ಮಿತಿ ಅಮೆರಿಕ ಪ್ರದೇಶದ ಸರ್ವರ್‌ಗಳಲ್ಲಿ ಮಂಗಳವಾರ, ಯುರೋಪಿನಲ್ಲಿ ಬುಧವಾರ ಹೊಸದಾಗುತ್ತದೆ. ಹಲವು ಪಾತ್ರಗಳನ್ನು ಕರೆದೊಯ್ದರೆ ಅವಕಾಶ ಹೆಚ್ಚುವುದು ನಿಜ. ಆದರೆ ಬಂಧನಗಳು ಸಿಕ್ಕ ಪಾತ್ರಕ್ಕೇ ಅಂಟಿಕೊಳ್ಳುತ್ತವೆ, ಇನ್ನೊಂದು ಪಾತ್ರಕ್ಕೆ ಕಳುಹಿಸಲಾಗುವುದಿಲ್ಲ. ಒಂದು ಬಂಧನ ಒಂದು ಪಾತ್ರಕ್ಕೆ, ಇನ್ನೊಂದು ಮತ್ತೊಂದು ಪಾತ್ರಕ್ಕೆ ಸಿಕ್ಕರೆ ಎರಡೂ ನಿರುಪಯೋಗಿಯಾಗಿ ಉಳಿಯುತ್ತವೆ. ಆದ್ದರಿಂದ ಆ ಕತ್ತಿಯನ್ನು ಹಿಡಿಯಬಲ್ಲ ವರ್ಗದ ಪಾತ್ರಗಳನ್ನು ಮಾತ್ರ ಕರೆದೊಯ್ಯಿರಿ, ಮತ್ತು ಮೊದಲ ಬಂಧನ ಯಾರಿಗೆ ಸಿಕ್ಕಿತೋ ಆ ಪಾತ್ರದ ವಾರದ ಭೇಟಿಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಬಂಧನ ಸಿಕ್ಕ ಮೇಲೆ ಸಿಲಿಥಸ್ ಎಂಬ ಪ್ರದೇಶದಲ್ಲಿರುವ ಹೈಲಾರ್ಡ್ ಡೆಮಿಟ್ರಿಯನ್‌ನನ್ನು ಕಾಣಬೇಕು. ರಿಟೇಲ್‌ನಲ್ಲಿ ಸಿಲಿಥಸ್ ಈಗ ದೈತ್ಯ ಖಡ್ಗ ನಾಟಿದ ರೂಪದಲ್ಲಿ ಕಾಣುವುದರಿಂದ, ಝಿಡೋರ್ಮಿ ಎಂಬ ಪಾತ್ರವನ್ನು ಮಾತನಾಡಿಸಿ ಪ್ರದೇಶದ ಹಳೆಯ ರೂಪಕ್ಕೆ ಮರಳಿದ ಮೇಲೆಯೇ ಆತನನ್ನು ಹುಡುಕಬೇಕು.

ಇದರ ಜೊತೆಗೆ ಮೋಲ್ಟನ್ ಕೋರ್‌ನ ಕೊನೆಯ ಬಾಸ್ ರಾಗ್ನರೋಸ್‌ನಿಂದ ದೊರೆಯುವ ಅಗ್ನಿಸಾರವೂ ಎಲಿಮೆಂಟಿಯಂನ 10 ಗಟ್ಟಿಗಳೂ ಬೇಕು. ಕ್ಲಾಸಿಕ್‌ನಲ್ಲಿ ಅಂಥ ಒಂದು ಗಟ್ಟಿಗೆ 10 ಆರ್ಕನೈಟ್ ಗಟ್ಟಿಗಳು ಕರಗುತ್ತವೆ, ಅಂದರೆ ಒಟ್ಟು 100. ಎಲಿಮೆಂಟಿಯಂ ಅದಿರು ಬ್ಲ್ಯಾಕ್‌ವಿಂಗ್ ಲೇರ್ ಎಂಬ ಇನ್ನೊಂದು ರೈಡ್‌ನಿಂದ ಬರಬೇಕು, ಅದನ್ನು ಕರಗಿಸುವ ವಿದ್ಯೆಯೂ ಅಲ್ಲಿಯೇ ಕಲಿಯತಕ್ಕದ್ದು. ಆರ್ಕನೈಟ್ ಅನ್ನು ರಸವಾದಿಗಳು ದಿನಗಳ ಅಂತರದಲ್ಲಿ ಒಂದೊಂದಾಗಿ ತಯಾರಿಸುವುದರಿಂದ ಮೊದಲ ಬಂಧನ ಬಿದ್ದ ದಿನವೇ ಸಂಗ್ರಹ ಆರಂಭಿಸುವುದು ಲೇಸು. ಎಲ್ಲವೂ ಕೂಡಿದ ಮೇಲೆ ರಾಜಕುಮಾರ ಥಂಡರಾನ್‌ನನ್ನು ಕರೆದು ಸೋಲಿಸಬೇಕು, ಆಗ ಕತ್ತಿ ನಿಮ್ಮದಾಗುತ್ತದೆ.

ಶುದ್ಧ ಅದೃಷ್ಟದ ಈ ಕ್ರಮದಿಂದ ಆಟ ನಿಧಾನವಾಗಿ ಹೊರಬಂದಿತು. 2007ರ ಬ್ಲ್ಯಾಕ್ ಟೆಂಪಲ್ ರೈಡ್‌ನಲ್ಲಿ ಇಲಿಡನ್ ಎಂಬ ಬಾಸ್‌ನ ಜೋಡಿ ವಾರ್‌ಗ್ಲೇವ್‌ ಆಯುಧಗಳು ಇನ್ನೂ ನೇರವಾಗಿ ಬೀಳುತ್ತಿದ್ದವು. ಆದರೆ 2009ರ ಉಲ್ಡುವಾರ್ ರೈಡ್‌ನಲ್ಲಿ ಚಿಕಿತ್ಸಕರ ಗದೆ ವಾಲಾನೀರ್ 30 ಚೂರುಗಳಾಗಿ ಬಂದಿತು. ಮೊದಲ ಯುಗದ ಏಟೀಶ್ ದಂಡಕ್ಕೂ 40 ಚೂರುಗಳು ಬೇಕಿದ್ದವು, ಆದರೆ ಅವು ಸಿಗುತ್ತಿದ್ದ ನಕ್ಸ್‌ರಾಮಸ್ ರೈಡ್ ಅನ್ನು ಮುಗಿಸಿದ ಗಿಲ್ಡ್‌ಗಳೇ (ಆಟಗಾರರ ಸಂಘಗಳು) ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅದು ಬಹುತೇಕರಿಗೆ ಕೇಳಿದ ಸುದ್ದಿ ಮಾತ್ರ. ಐಸ್‌ಕ್ರೌನ್ ಸಿಟಡೆಲ್ ರೈಡ್‌ನ ಶ್ಯಾಡೋಮೋರ್ನ್ ಕೊಡಲಿಗೆ 25 ಸ್ಯಾರೊನೈಟ್ ತುಂಡುಗಳೂ 50 ಹಿಮಚೂರುಗಳೂ ಬೇಕು. ಚೂರು ಕೂಡಿಸುವ ಈ ಕ್ರಮವೇ ಇಷ್ಟರವರೆಗಿನವುಗಳಲ್ಲಿ ಅತ್ಯುತ್ತಮ ಎಂದು ನಾನು ನಂಬುತ್ತೇನೆ. ವಸ್ತು ಅಪರೂಪವಾಗಿಯೇ ಉಳಿಯುತ್ತದೆ, ಆದರೂ ಪ್ರತಿ ವಾರದ ಶ್ರಮ ಕಣ್ಣಿಗೆ ಕಾಣುವಂತೆ ಕೂಡುತ್ತಾ ಹೋಗುತ್ತದೆ.

ಹೊಸಬರು ರಿಟೇಲ್‌ನಲ್ಲಿ ಹಳೆಯ ಲೆಜೆಂಡರಿಯೊಂದನ್ನು ಪಡೆಯಬೇಕೆಂದಿದ್ದರೆ ಇಲ್ಲಿಂದಲೇ ಆರಂಭಿಸಲಿ. ಒಂದೇ ಎಚ್ಚರಿಕೆ: ಇಂದಿನ ಪಾತ್ರಗಳ ಬಲ ಇಲ್ಲಿ ಅಡ್ಡಿಯಾಗುತ್ತದೆ. ವಾಲಾನೀರ್‌ನ ಕೂಡಿಸಿದ ಚೂರುಗಳನ್ನು ಉಲ್ಡುವಾರ್‌ನ ಬಾಸ್ ಯಾಗ್‌ಸರಾನ್ ಬದುಕಿರುವಾಗಲೇ ಅವನ ಬಾಯಿಗೆ ಎಸೆಯಬೇಕು, ಶ್ಯಾಡೋಮೋರ್ನ್‌ಗಾಗಿ ಐಸ್‌ಕ್ರೌನ್‌ನ ಬಾಸ್ ಸಿಂಡ್ರಗೋಸಾಳ ಹಿಮಶ್ವಾಸವನ್ನು ಹಲವು ಬಾರಿ ಮೈಮೇಲೆ ತೆಗೆದುಕೊಂಡ ನಂತರವೇ ಅವಳನ್ನು ಕೊಲ್ಲಬೇಕು. ಅವಸರದ ಒಂದು ಪೆಟ್ಟಿಗೆ ಬಾಸ್ ಸತ್ತರೆ ಆ ವಾರ ಹೋದಂತೆಯೇ. ಆಯುಧವನ್ನು ತೆಗೆದಿಟ್ಟು, ತನ್ನಿಂತಾನೇ ದಾಳಿ ಮಾಡುವ ಸಾಕುಪ್ರಾಣಿಗಳನ್ನು ಹಿಂದಕ್ಕೆ ಕರೆದು ಕಾಯುವುದು ಒಳ್ಳೆಯ ಉಪಾಯ.

ಮೂರನೆಯ ಬಗೆ ಎಲ್ಲರಿಗೂ ತೆರೆದ ಕ್ವೆಸ್ಟ್ ಸರಣಿ, ಅಂದರೆ ಆಟದ ಪಾತ್ರಗಳು ಒಪ್ಪಿಸುವ ಕೆಲಸಗಳ ಸಾಲು. 2012ರ ಮಿಸ್ಟ್ಸ್ ಆಫ್ ಪಂಡಾರಿಯಾ ಎಕ್ಸ್‌ಪ್ಯಾನ್ಷನ್‌ನಲ್ಲಿ ರೇಥಿಯನ್ ಎಂಬ ಪಾತ್ರ ಹೇಳಿದ ಕೆಲಸಗಳನ್ನು ಮುಗಿಸಿದ ಯಾವ ಆಟಗಾರನಾದರೂ ಕೊನೆಗೆ ಲೆಜೆಂಡರಿ ಮೇಲಂಗಿಯನ್ನು ಧರಿಸಬಹುದಾಗಿತ್ತು. ಮುಂದಿನ ಎಕ್ಸ್‌ಪ್ಯಾನ್ಷನ್‌ನಲ್ಲಿ ಖಡ್ಗಾರ್ ಎಂಬ ಪಾತ್ರ ಕೊಟ್ಟ ಉಂಗುರವೂ ಹಾಗೆಯೇ. ಗಿಲ್ಡ್‌ನ ಮರ್ಜಿಗೆ ಕಾಯಬೇಕಾಗಿಲ್ಲದ್ದು ದೊಡ್ಡ ನ್ಯಾಯವೇ ಸರಿ, ಆದರೆ ಇಂಥವುಗಳಿಗೆ ಗಡುವಿರುತ್ತದೆ. ಆ ಮೇಲಂಗಿಯ ಸರಣಿಯನ್ನು 2014ರ ಅಕ್ಟೋಬರ್‌ನಲ್ಲಿ ಮುಚ್ಚಲಾಯಿತು, ಅರ್ಧಕ್ಕೆ ನಿಲ್ಲಿಸಿದ್ದವರಿಗೆ ಮತ್ತೆ ದಾರಿ ಇರಲಿಲ್ಲ. ಈಗ ನಡೆಯುತ್ತಿರುವ ಎಕ್ಸ್‌ಪ್ಯಾನ್ಷನ್‌ನಲ್ಲಿ ಇಂಥ ಸರಣಿ ಇದ್ದರೆ ಉಳಿದ ಎಲ್ಲಕ್ಕಿಂತ ಮೊದಲು ಅದನ್ನು ಮುಗಿಸಿ.

2016ರ ಲೀಜನ್ ಎಕ್ಸ್‌ಪ್ಯಾನ್ಷನ್‌ನಲ್ಲಿ ಲೆಜೆಂಡರಿಗಳು ಎಲ್ಲಿಂದ ಬೇಕಾದರೂ ಬೀಳುವಂತಾದವು. ಒಬ್ಬನಿಗೆ ದಾಳಿಯ ಬಲವನ್ನೇ ಹೆಚ್ಚಿಸುವಂಥದ್ದು ಸಿಕ್ಕರೆ, ಅಷ್ಟೇ ಶ್ರಮಪಟ್ಟ ಇನ್ನೊಬ್ಬನಿಗೆ ಮೈಗೆ ಕವಚ ಕೊಡುವ ಪ್ರಿಡಾಝ್ ಸರ ಸಿಗುತ್ತಿತ್ತು. ಆಟದ ಇತಿಹಾಸದಲ್ಲಿ ಇದಕ್ಕಿಂತ ಅನ್ಯಾಯದ ಹಂಚಿಕೆ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಉತ್ತರವೆಂಬಂತೆ 2020ರ ಶ್ಯಾಡೋಲ್ಯಾಂಡ್ಸ್ ಎಲ್ಲವನ್ನೂ ತಯಾರಿಕೆಗೆ ಬಿಟ್ಟಿತು: ಬೇಕಾದ ಶಕ್ತಿಯನ್ನು ಆರಿಸಿ, ಟೋರ್ಗಾಸ್ಟ್ ಎಂಬ ಗೋಪುರದಿಂದ ಸೋಲ್ ಆ್ಯಶ್ ಎಂಬ ಸಾಮಗ್ರಿ ತಂದು, ಕಸುಬುದಾರರಿಂದ ಬುನಾದಿ ಕವಚವನ್ನು ಕೊಂಡು, ರೂನ್‌ಕಾರ್ವರ್ ಎಂಬ ಪಾತ್ರದ ಬಳಿ ಮಾಡಿಸಿಕೊಳ್ಳಬಹುದಿತ್ತು. ಮೊದಲ ದರ್ಜೆಗೆ 1250, ನಾಲ್ಕನೆಯದಕ್ಕೆ 5150 ಸೋಲ್ ಆ್ಯಶ್ ಎಂದು ಬೆಲೆಯೇ ನಿಗದಿಯಾಗಿತ್ತು. ಈ ಎರಡೂ ಕಾಲದ ಶಕ್ತಿಗಳು ಮುಂದಿನ ಎಕ್ಸ್‌ಪ್ಯಾನ್ಷನ್‌ಗೆ ದಾಟಲಿಲ್ಲ, ಹಾಗಾಗಿ ಇಂದು ಅವುಗಳ ಹಿಂದೆ ಹೋಗುವ ಅಗತ್ಯವಿಲ್ಲ.

2023ರ ನವೆಂಬರ್‌ನಲ್ಲಿ ತೆರೆದ ಅಮಿರ್‌ಡ್ರಸಿಲ್ ರೈಡ್‌ನ ಕೊಡಲಿ ಫೈರಲಾತ್ ಹಳೆಯ ಅದೃಷ್ಟವನ್ನು ಮತ್ತೆ ತಂದಿತು, ಆದರೆ ಆ ರೈಡ್‌ನ ಕೊನೆಯ ಬಾಸ್ ಫೈರಾಕ್‌ನನ್ನು ಸೋಲಿಸಿಯೂ ಬರಿಗೈಯಲ್ಲಿ ಮರಳಿದವರಿಗೆ ಮುಂದಿನ ಸಾಧ್ಯತೆ ಏರುವ ವ್ಯವಸ್ಥೆ ಅದರಲ್ಲಿತ್ತು. ವಾರಿಯರ್, ಪ್ಯಾಲಡಿನ್ ಮತ್ತು ಡೆತ್ ನೈಟ್ ವರ್ಗಗಳಿಗಷ್ಟೇ ಅದು ಮೀಸಲು. ಇಂಥ ವ್ಯವಸ್ಥೆ ಇರುವಲ್ಲಿ ಒಂದೇ ಪಾತ್ರಕ್ಕೆ ಅಂಟಿಕೊಂಡು, ಸಾಧ್ಯವಿರುವ ಅತಿ ಹೆಚ್ಚಿನ ಕಠಿಣತೆಯಲ್ಲಿ ವಾರ ತಪ್ಪದೆ ಹೋಗುವುದೇ ಸರಿಯಾದ ಕ್ರಮ.

ಇನ್ನು ಕ್ಲಾಸಿಕ್‌ನಲ್ಲಿ ಆಡುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗಿಲ್ಡ್‌ನೊಡನೆ ಮಾಡಿಕೊಳ್ಳುವ ಒಪ್ಪಂದ. ಬಂಧನ ಬಿದ್ದ ಮೇಲೆ ಅದು ಯಾರಿಗೆ ಎಂದು ಚರ್ಚಿಸಿದ ಗುಂಪುಗಳು ಒಡೆಯುವುದು ಅಪರೂಪವಲ್ಲ. ರೈಡ್ ಆರಂಭವಾಗುವ ಮುನ್ನವೇ ಮೊದಲ ಕತ್ತಿ ಯಾರಿಗೆ, ಎರಡನೆಯದು ಯಾರಿಗೆ ಎಂದು ಬರೆದಿಡಿ. ಒಂದು ಬಂಧನ ಹೊಂದಿದವನು ಗಿಲ್ಡ್ ಬಿಟ್ಟರೆ ಮುಂದಿನ ಸರದಿ ಯಾರದ್ದು, 100 ಆರ್ಕನೈಟ್‌ಗಳ ಖರ್ಚನ್ನು ಗಿಲ್ಡ್ ಬ್ಯಾಂಕ್ ಹೊರುವುದೋ ಅಥವಾ ಪಡೆಯುವವನೇ ಹೊರುವುದೋ ಎಂಬುದೂ ಅದರಲ್ಲಿರಲಿ. ಬಾಸ್‌ಗಳಿಂದ ಬಿದ್ದ ವಸ್ತುಗಳನ್ನು ಆಟದ ಚಿನ್ನಕ್ಕೆ ಹರಾಜು ಹಾಕುವ ಜಿಡಿಕೆಪಿ ರೈಡ್‌ಗಳಲ್ಲಿ ಬಂಧನವನ್ನು ಕೊಳ್ಳುವ ಯೋಚನೆ ಇದ್ದರೆ, ನಿಮ್ಮ ಸರ್ವರ್‌ನಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಮೊದಲು ನೋಡಿ. ಸೀಸನ್ ಆಫ್ ಡಿಸ್ಕವರಿ ಎಂಬ ಕ್ಲಾಸಿಕ್ ಆವೃತ್ತಿಯಲ್ಲಿ 2024ರಿಂದ ಅದನ್ನು ನಿಷೇಧಿಸಲಾಗಿದೆ, ಅದೇ ವರ್ಷದ ನವೆಂಬರ್‌ನಲ್ಲಿ ತೆರೆದ ಕ್ಲಾಸಿಕ್‌ನ ವಾರ್ಷಿಕೋತ್ಸವದ ಸರ್ವರ್‌ಗಳಲ್ಲೂ ಅದಕ್ಕೆ ಅವಕಾಶವಿಲ್ಲ.