ಮಗುವಿಗೆ ಜ್ವರ, ಸಂಜೆ ಓಟಿ: 'ಆಗಲ್ಲ' ಅನ್ನುವುದು ಹೇಗೆ?

ಶನಿವಾರ ಊಟದ ಹೊತ್ತು. ಸೂಪರ್‌ವೈಸರ್ ಬಂದು 'ಶಿಪ್‌ಮೆಂಟ್ ಇದೆ, ಇವತ್ತು ಎಲ್ಲರೂ ಎರಡು ಗಂಟೆ ಓಟಿ (ಓವರ್‌ಟೈಮ್)' ಅನ್ನುತ್ತಾರೆ. ಅಷ್ಟರಲ್ಲಿ ಮನೆಯಿಂದ ಫೋನು, ಮಗುವಿಗೆ ಮೈ ಸುಡುತ್ತಿದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಇದು ಹೊಸದೇನಲ್ಲ. ಎದ್ದು ಹೋದರೆ ಮೆಮೊ ಕೊಡುತ್ತಾರಾ? ಸಂಬಳ ಹಿಡಿಯುತ್ತಾರಾ?

ಶಿಫ್ಟೋ, ಓಟಿಯೋ?

ಮೊದಲು ಇದನ್ನು ನೋಡಿಕೊಳ್ಳಿ. ಶಿಫ್ಟ್ 9ರಿಂದ 5.30 ಅಂದುಕೊಳ್ಳಿ, ನಡುವೆ ಅರ್ಧ ಗಂಟೆ ಊಟ. ಆ 8 ಗಂಟೆ ಮಾಮೂಲಿ ಕೆಲಸ, ಅದನ್ನು ತಪ್ಪಿಸಲು ರಜೆ ಬೇಕು. ಅದರಾಚೆಗಿನದು ಓಟಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯ 27ನೇ ಕಲಂ ಪ್ರಕಾರ ಕಾರ್ಮಿಕರು ಒಪ್ಪಿದರೆ ಮಾತ್ರ ಓಟಿ ಮಾಡಿಸಬಹುದು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳ ಪ್ರತಿ ಕೇಳಿ ಇಟ್ಟುಕೊಳ್ಳಿ. ಓಟಿಗೆ ಒಪ್ಪಿಗೆ ಅಂತ ಒಂದು ಸಾಲು ಅದರಲ್ಲೇ ಕೂತಿರಬಹುದು. ಇನ್ನೊಂದು ಮಾತು: ಸೂಪರ್‌ವೈಸರ್ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳ ಇದ್ದವರು ಈ ಕಾನೂನಿನ ಲೆಕ್ಕದಲ್ಲಿ 'ಕಾರ್ಮಿಕ' ಅಲ್ಲ.

ಬೇಗ ಹೇಳಿ, ಬರೆದು ಹೇಳಿ

ಬಾಯಲ್ಲಿ ಹೇಳಿದ್ದು ಸೋಮವಾರ ಯಾರಿಗೂ ನೆನಪಿರುವುದಿಲ್ಲ. ವಾಟ್ಸಾಪ್‌ನಲ್ಲಿ ಎರಡೇ ಸಾಲು ಸಾಕು: 'ಸರ್, ಮಗಳಿಗೆ ಜ್ವರ, ಮನೆಯಲ್ಲಿ ಬೇರೆ ಯಾರೂ ಇಲ್ಲ. 5.30ರವರೆಗೆ ಕೆಲಸ ಮುಗಿಸಿ ಹೋಗುತ್ತೇನೆ, ಇವತ್ತು ಓಟಿಗೆ ಉಳಿಯಲು ಆಗುವುದಿಲ್ಲ.' ಸ್ಕ್ರೀನ್‌ಶಾಟ್ ತೆಗೆದಿಡಿ. ಓಟಿಗೆ ಒಪ್ಪಿಕೊಂಡ ಮೇಲೆ ಮನೆಯಲ್ಲಿ ಹೀಗಾದರೂ ಅಷ್ಟೇ, ಸುಮ್ನೆ ಮಾಯವಾಗಬೇಡಿ.

ಶಿಫ್ಟ್ ಮುಗಿಯುವ ಮುಂಚೆಯೇ ಹೋಗಬೇಕಾದರೆ ಗೇಟ್ ಪಾಸ್ ತೆಗೆದುಕೊಳ್ಳಿ, ಒಬ್ಬರೇ ಹೋಗಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು, ನೋಟಿಸ್ ಕೊಡದೆ, ಸರಿಯಾದ ಕಾರಣವೂ ಇಲ್ಲದೆ ಕೆಲಸ ಬಿಟ್ಟರೆ 8 ದಿನದವರೆಗೆ ಸಂಬಳ ಹಿಡಿಯಲು ವೇತನ ಸಂಹಿತೆಯಲ್ಲಿ ದಾರಿ ಇದೆ. ಗೆಳತಿಯರ ಜೊತೆ ಸಿಟ್ಟಿನಲ್ಲಿ ಎದ್ದು ಬರುವ ಮುಂಚೆ ಇದು ಗೊತ್ತಿರಲಿ.

ಸುಳ್ಳು ಚೀಟಿ ಬೇಡ

ಮಗುವಿಗೆ ಜ್ವರ ಬಂದರೆ ತಮಗೇ ಹೊಟ್ಟೆನೋವು ಅಂತ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಚೀಟಿ ತರುವವರುಂಟು. ಇಎಸ್‌ಐ ರಜೆ ನಿಮ್ಮ ಕಾಯಿಲೆಗೆ ಮಾತ್ರ. ಸಿಕ್ಕಿಬಿದ್ದರೆ ನಿಜವಾದ ಕಾರಣವೂ ಸುಳ್ಳಾಗಿಬಿಡುತ್ತದೆ. ಮನೆಯವರ ಕಾಯಿಲೆಗೆ ಅಂತ ಬೇರೆ ರಜೆ ಕಾನೂನಿನಲ್ಲಿ ಇಲ್ಲ, ಇದು ದೊಡ್ಡ ಕೊರತೆಯೇ. ಇರುವುದು ಗಳಿಕೆ ರಜೆ: ವರ್ಷದಲ್ಲಿ 180 ದಿನ ಕೆಲಸ ಮಾಡಿದ್ದರೆ 20 ದಿನಕ್ಕೆ 1 ದಿನ.

ಎಷ್ಟು ಹಿಡಿಯಬಹುದು?

ದಿನಕ್ಕೆ 500 ರೂಪಾಯಿ ಕೂಲಿ ಅಂದುಕೊಳ್ಳಿ. ಗಂಟೆಗೆ 62.50. ಓಟಿಗೆ ಅದರ ಎರಡು ಪಟ್ಟು, ಅಂದರೆ ಎರಡು ಗಂಟೆಗೆ 250. ಉಳಿಯದಿದ್ದರೆ ಆ 250 ಬರುವುದಿಲ್ಲ, ಅಷ್ಟೇ. ದುಡಿದ 500ಕ್ಕೆ ಕೈ ಹಾಕುವಂತಿಲ್ಲ. ದಂಡ ಹಾಕುವುದಾದರೆ ಮೊದಲು ನಿಮ್ಮ ಮಾತು ಕೇಳಬೇಕು, ಅದೂ ಆ ತಿಂಗಳ ಸಂಬಳದ 3% ಮೀರುವಂತಿಲ್ಲ. ಮಾಡಿದ ಓಟಿಗೆ ದುಡ್ಡಿನ ಬದಲು 'ಕಾಂಪ್ ಆಫ್ (ಬದಲಿ ರಜೆ) ತಗೊಳ್ಳಿ' ಅಂದರೆ ಅದೂ ಸರಿಯಲ್ಲ.

ಮೆಮೊ ಬಂದರೆ

ಓದದೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ಪ್ರತಿ ತೆಗೆದುಕೊಂಡು, ಆ ಸ್ಕ್ರೀನ್‌ಶಾಟ್ ಲಗತ್ತಿಸಿ ಬರವಣಿಗೆಯಲ್ಲೇ ಉತ್ತರ ಕೊಡಿ. ಗೇಟ್ ಹಾಕಿ ಕೂರಿಸಿಕೊಂಡರೆ ಅದು ಓಟಿ ಜಗಳವಲ್ಲ, ಅಕ್ರಮ ಬಂಧನ. 112ಕ್ಕೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ದೂರು ಕೊಡಲು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ, ಬೇರೆ ಕಡೆ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿ. ಬಾಕಿ ಓಟಿ ದುಡ್ಡನ್ನು 3 ವರ್ಷದೊಳಗೆ ಕೇಳಬಹುದು. ಹೋಗುವಾಗ ಪೇಸ್ಲಿಪ್ ಜೊತೆ, ಯಾವ ದಿನ ಎಷ್ಟು ಗಂಟೆಗೆ ಗೇಟ್ ದಾಟಿದಿರಿ ಅಂತ ಬರೆದಿಟ್ಟ ಪುಸ್ತಕವೂ ಕೈಯಲ್ಲಿರಲಿ.